ಭಂಗಾರವೂ ಅಲ್ಲ, ಬಂಗಾರವೂ ಅಲ್ಲ

ಪುಣೆ-ಮುಂಬಯಿಗಳಲ್ಲಿ ನಾಲ್ಕು ದಿನ ಕಳೆದ ಕನ್ನಡಿಗರಿಗೆ ‘ಭಂಗಾರ’ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಊರಿನಿಂದ ಆಗತಾನೇ ಬಂದಿಳಿದವರು ಮಾತ್ರ, ಬೆಳಗಾಗುತ್ತಲೇ ಓಣಿಯಲ್ಲಿ ಕೂಗುತ್ತ ಹೋಗುವ ಭಂಗಾರವಾಲನನ್ನು ಚಿನ್ನದ ವ್ಯಾಪಾರಿಯೆಂದು ತಿಳಿದು ಬೆರಗಾಗುವುದುಂಟು. ಒಂದು ಮಹಾಪ್ರಾಣದಲ್ಲಿ ಎಷ್ಟೊಂದು ಅಂತರ! ದೀಪಾವಳಿಗೆ ಮುಂಚಿನ ವಾರದಲ್ಲಿ ಈ ಮನುಷ್ಯನ ಕೈಗಾಡಿಯನ್ನು ಒಮ್ಮೆ ನಿಂತು ನೋಡಿರಿ. ಕೆಟ್ಟ ಫ್ಯಾನು, ತೂತುಬಿದ್ದ ಬಕೀಟು, ಹಿಡಿ ಮುರಿದ ಕುಕ್ಕರುಗಳ ಮೇಲೆ ಚಕ್ರ ಮೇಲೆ ಮಾಡಿಕೊಂಡು ಒಂದು ಕರಿಯ ಸೈಕಲ್ಲು ಮಲಗಿರುತ್ತದೆ. ಸುಮಾರು 20 ಕಿಲೋ ತೂಗುವ ಅದನ್ನು ಮನೆಯೊಡೆಯರು ಕಬ್ಬಿಣದ ಲೆಕ್ಕದಲ್ಲಿ ಕೊಟ್ಟು, ಬಂದ ಹಣದಲ್ಲಿ ಒಂದು ಹೊತ್ತಿನ ತಿಂಡಿಯನ್ನೂ ಸರಿಯಾಗಿ ತಿನ್ನಲಾರದೆ, ‘ಜಾಗವಾದರೂ ಖಾಲಿಯಾಯಿತಲ್ಲ’ ಎಂದು ಸಮಾಧಾನಪಟ್ಟುಕೊಂಡಿರುತ್ತಾರೆ. ಈ ಬರೆಹ ಆ ಸೈಕಲ್ಲಿನ ಪರವಾಗಿ ಸಲ್ಲಿಸುತ್ತಿರುವ ಒಂದು ತಕರಾರು ಅರ್ಜಿ.

ತಕರಾರು ಒಬ್ಬರ ಮೇಲಲ್ಲ, ಮೂವರ ಮೇಲೆ.

ಮೊದಲನೆಯವರು ಹೌಸಿಂಗ್ ಸೊಸೈಟಿಯ ಕಮಿಟಿಯವರು. ‘ಉಪಯೋಗದಲ್ಲಿಲ್ಲದ ಸೈಕಲ್ಲುಗಳನ್ನು ಹದಿನೈದು ದಿನಗಳೊಳಗಾಗಿ ತೆರವು ಮಾಡತಕ್ಕದ್ದು’ ಎಂದು ವರ್ಷಕ್ಕೊಮ್ಮೆ ನೋಟೀಸು ಅಂಟಿಸುತ್ತಾರೆ. ವರ್ಷಗಟ್ಟಲೆ ಹೊದಿಕೆ ಹೊದ್ದು ನಿಂತ ಮೋಟಾರುಗಳಿಗೆ ಇಂಥ ನೋಟೀಸು ಹೋದದ್ದನ್ನು ನಾನಂತೂ ಕಂಡಿಲ್ಲ. ಎರಡನೆಯವರು ಹಳೆಯದೆಲ್ಲ ಚಿನ್ನವೆಂದು ನಂಬಿದವರು. ಇವರು ಸೈಕಲ್ಲಿಗೆ ಹಳದಿಯನ್ನೋ ಗುಲಾಬಿಯನ್ನೋ ಬಳಿದು, ಕ್ಯಾರಿಯರಿನ ಮೇಲೆ ಹೂವಿನ ಕುಂಡವನ್ನಿಟ್ಟು ಹೊಟೇಲಿನ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಇಲ್ಲವೇ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಾರೆ. ಮೂರನೆಯವರ ಮೇಲೆ ನನಗೆ ಸಿಟ್ಟಿಗಿಂತ ಅಕ್ಕರೆಯೇ ಹೆಚ್ಚು. ಅಜ್ಜನದೋ ಯಾರದೋ ಹಳೆಯ ಸೈಕಲ್ಲನ್ನು ಹೊಸದು ಮಾಡುತ್ತೇನೆಂದು ಉತ್ಸಾಹದಿಂದ ಹೊರಟ ನಮ್ಮ ಹುಡುಗರು ಇವರು. ಹೊರಟವರು ಮೊಟ್ಟಮೊದಲು ಕೊಳ್ಳುವುದೇನು? ಸ್ಪ್ಯಾನರಲ್ಲ, ಗ್ರೀಸಲ್ಲ, ಬ್ರೇಕಿನ ರಬ್ಬರಲ್ಲ: ಬಣ್ಣದ ಡಬ್ಬಿ!

ಇದು ನೋಡುವುದಕ್ಕೆ ಚಿಕ್ಕ ಸಂಗತಿ. ಆದರೆ ಬಣ್ಣ ಬಳಿದ ಮೇಲೆ ಆ ಸೈಕಲ್ಲನ್ನು ಯಾರಾದರೂ ಹತ್ತಿ ಪುಣೆಯ ರಸ್ತೆಗೆ ಇಳಿಯುವವರಿದ್ದಾರೆ ಎಂಬುದನ್ನು ನೆನೆದರೆ ಚಿಕ್ಕದೆನ್ನಿಸದು. ಮೂವತ್ತು ವರ್ಷ ಕಾರ್ಖಾನೆಯೊಂದರ ಬಣ್ಣದ ವಿಭಾಗದಲ್ಲಿ ದುಡಿದವನು ನಾನು. ಬಣ್ಣ ಏನು ಮಾಡಬಲ್ಲುದು, ಏನು ಮಾಡಲಾರದು ಎಂಬುದನ್ನು ಹೇಳುವ ಅಧಿಕಾರ ಅಷ್ಟರಮಟ್ಟಿಗೆ ಇದೆಯೆಂದು ಭಾವಿಸಿದ್ದೇನೆ. ತುಕ್ಕು ಬರುವುದನ್ನು ಬಣ್ಣ ತಡೆಯಬಲ್ಲುದು. ಬಂದ ತುಕ್ಕನ್ನು ಗುಣಪಡಿಸಲಾರದು. ಬಿರುಕನ್ನು ಮುಚ್ಚಬಲ್ಲುದು, ಕೂಡಿಸಲಾರದು.

ಈ ಕರಿಯ ಸೈಕಲ್ಲು ಯಾವ ಜಾತಿಯದೆಂಬುದನ್ನು ಮೊದಲು ತಿಳಿಯೋಣ. 28 ಇಂಚಿನ ಚಕ್ರ, ಕಂಬಿಯ ಬ್ರೇಕು, ಸ್ಪ್ರಿಂಗಿನ ಸೀಟು, ಚೈನಿಗೆ ಕವಚ. ಇಂಗ್ಲೆಂಡಿನ ರಾಲೀ, ಹಂಬರ್, ಬಿ.ಎಸ್.ಎ. ಸೈಕಲ್ಲುಗಳು ಇಲ್ಲಿಗೆ ತಂದ ಮಾದರಿ ಇದು. ಮುಂದೆ ಇಲ್ಲಿಯೇ ತಯಾರಾಗತೊಡಗಿತು. ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ ಹುಟ್ಟಿತು, ಹರ್ಕ್ಯುಲೀಸ್ ಅವರದೇ. ಸೋನೆಪತ್ತಿನ ಆಟ್ಲಾಸ್ 1951ರದು, ಲೂಧಿಯಾನದ ಹೀರೋ 1956ರದು. ಅಸನ್ಸೋಲಿನಲ್ಲಿ ಸೆನ್-ರಾಲೀ ಇತ್ತು. ನಮ್ಮ ಮುಂಬಯಿಯ ವರ್ಳಿಯಲ್ಲಿಯೇ ಹಿಂದ್ ಸೈಕಲ್ಸ್ ಕಾರ್ಖಾನೆ ಇತ್ತೆಂಬುದು ಇಂದಿನ ವರ್ಳಿಯ ಗಗನಚುಂಬಿಗಳ ನಡುವೆ ಓಡಾಡುವ ಎಷ್ಟು ಮಂದಿಗೆ ಗೊತ್ತು? ಹಿಂದ್ ಮತ್ತು ಸೆನ್-ರಾಲೀ ಎರಡನ್ನೂ 1980ರಲ್ಲಿ ಒಂದೇ ಕಾಯಿದೆಯಿಂದ ರಾಷ್ಟ್ರೀಕರಣ ಮಾಡಲಾಯಿತು. ಅವೆರಡೂ ಈಗ ಇಲ್ಲ. ಆಟ್ಲಾಸಿನ ಕೊನೆಯ ಕಾರ್ಖಾನೆ 2020ರ ಜೂನ್ 3ರಂದು ಮುಚ್ಚಿತು. ಆ ದಿನ ವಿಶ್ವ ಸೈಕಲ್ ದಿನವಾಗಿತ್ತು! ವಿಧಿಯ ವಿನೋದವೆನ್ನಬೇಕೋ ಏನೋ.

ಕಾರ್ಖಾನೆಗಳು ಹೋದರೂ ಮಾದರಿ ಹೋಗಲಿಲ್ಲ. ಇದೇ ಈ ಸೈಕಲ್ಲಿನ ದೊಡ್ಡ ಗುಣ. 28 x 1½ ಅಳತೆಯ ಟೈರು ಇಂದಿಗೂ ತಯಾರಾಗುತ್ತದೆ. ಪೇಟೆಯ ಯಾವುದೇ ಹಳೆಯ ಸೈಕಲ್ ಅಂಗಡಿಯಲ್ಲಿ ಕೋನು, ಕಪ್ಪು, ಗುಂಡು, ಕಾಟರ್ ಪಿನ್ನು, ಬ್ರೇಕ್ ರಬ್ಬರು ಸಿಗುತ್ತವೆ. ಒಂದು ಕಂಪನಿಯ ಸಾಮಾನು ಬಹಳಮಟ್ಟಿಗೆ ಇನ್ನೊಂದಕ್ಕೆ ಹೊಂದುತ್ತದೆ. ಬಿಡಿಭಾಗ ಸಿಗುವ ಯಂತ್ರವನ್ನು ಪುರಾತನ ವಸ್ತುವೆಂದು ಕರೆಯುವುದು ಹೇಗೆ? ಪುಣೆಯ ಕರ್ವೇನಗರದಲ್ಲಿ 2017ರಲ್ಲಿ ತೆರೆದ ವಿಕ್ರಮ್ ಪೇಂಡ್ಸೆ ಸೈಕಲ್ ಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲೇಬೇಕಾದ ಜಾಗ. ಸಂಗ್ರಹಾಲಯಕ್ಕೆ ಸೇರಬೇಕಾದ ಅಪರೂಪದ ಸೈಕಲ್ಲುಗಳು ಅಲ್ಲಿಗೆ ಸೇರಲಿ, ಬೇಡವೆನ್ನುವವರಾರು? ನಿಮ್ಮ ಜಿನೆಯ ಕೆಳಗಿನ ಆಟ್ಲಾಸು ಅಂಥದಲ್ಲ. ಅದು ಭಂಗಾರವೂ ಅಲ್ಲ, ಬಂಗಾರವೂ ಅಲ್ಲ. ಅದು ಸವಾರಿಯ ಸೈಕಲ್ಲು, ಅಷ್ಟೇ.

‘ಅಲ್ರೀ ರಾಯರ, ಆ ತುಕ್ಕ ಹಿಡಿದ ಡಬ್ಬಾಕ್ಕ ಯಾಕ ರೊಕ್ಕ ಸುರೀತೀರಿ? ಹೊಸಾದ ತಗೊಂಡ್ರ ಆತಲ್ಲ’ ಎಂದು ನಮ್ಮ ಧಾರವಾಡದ ಕಡೆಯ ಸ್ನೇಹಿತರು ಕೇಳುತ್ತಾರೆ. ರೊಕ್ಕದ ಮಾತು ನಿಜ. ಟೈರು, ಟ್ಯೂಬು, ಚೈನು, ಸೀಟು ಎಲ್ಲವನ್ನೂ ಬದಲಿಸಬೇಕಾಗಿ ಬಂದರೆ ಹಳೆಯ ಸೈಕಲ್ಲು ಅಗ್ಗವಾಗುವುದಿಲ್ಲ. ಅಗ್ಗವಾಗುತ್ತದೆಂದು ನಾನು ವಾದಿಸುವುದೂ ಇಲ್ಲ. ಆದರೆ ಹೊಸದರಿಂದ ಸಿಗದ ಒಂದು ಸಂಗತಿ ಹಳೆಯದರಿಂದ ಸಿಗುತ್ತದೆ. ನಮ್ಮ ಮನೆಗಳಲ್ಲಿ ಇಂದು ತನ್ನ ಒಳಗನ್ನು ಬಿಚ್ಚಿ ತೋರಿಸುವ ಯಂತ್ರ ಯಾವುದಿದೆ? ಫೋನನ್ನು ಬಿಚ್ಚುವಂತಿಲ್ಲ. ಬಟ್ಟೆ ಒಗೆಯುವ ಯಂತ್ರವನ್ನು ಮುಟ್ಟುವಂತಿಲ್ಲ. ಹದಿನೈದು ವರ್ಷದ ಹುಡುಗ ಅಥವಾ ಹುಡುಗಿ ನಾಲ್ಕು ಸ್ಪ್ಯಾನರು, ಒಂದು ತಿರುಪುಳಿ, ಒಂದು ಸುತ್ತಿಗೆ ಹಿಡಿದು ಪೂರ್ತಿಯಾಗಿ ಬಿಚ್ಚಿ, ಪ್ರತಿಯೊಂದು ಭಾಗ ಏತಕ್ಕಿದೆಯೆಂದು ಕಣ್ಣಾರೆ ಕಂಡು, ಮತ್ತೆ ಜೋಡಿಸಿ, ಅದರ ಮೇಲೆ ತಾನೇ ಕುಳಿತು ಹೋಗಬಹುದಾದ ಯಂತ್ರ ಇದೊಂದೇ. ‘ಪ್ರವೇಶ ಪರೀಕ್ಷೆಗೆ ಓದುವ ಹುಡುಗನಿಗೆ ಇದಕ್ಕೆಲ್ಲ ಹೊತ್ತೆಲ್ಲಿ’ ಎನ್ನುವ ತಂದೆತಾಯಿಗಳಿಗೆ ನನ್ನ ಪ್ರಶ್ನೆ: ಘರ್ಷಣೆ, ಸನ್ನೆ, ಭ್ರಮಣಬಲಗಳನ್ನು ಸಾವಿರಾರು ರೂಪಾಯಿ ಕೊಟ್ಟು ಕ್ಲಾಸಿನಲ್ಲಿ ಕಲಿಸುತ್ತಿದ್ದೀರಲ್ಲ, ಆ ಹುಡುಗನಿಗೆ ಎಡಗಡೆಯ ಪೆಡಲು ಯಾವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆಂದು ಗೊತ್ತೇ?

ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಎಡಪೆಡಲಿನ ಮರೆ ಉಲ್ಟಾ; ತುಳಿಯುತ್ತ ತುಳಿಯುತ್ತ ಸಡಿಲವಾಗಬಾರದೆಂದು ಹಾಗೆ ಮಾಡಿದ್ದಾರೆ. ಪೆಡಲುಗಳ ನಡುವಿನ ಅಚ್ಚಿನ ಬಲಗಡೆಯ ಕಪ್ಪೂ ಈ ಮಾದರಿಯಲ್ಲಿ ಉಲ್ಟಾ ಮರೆಯದೇ. ಇದು ಗೊತ್ತಿಲ್ಲದೆ ಬಲಪ್ರಯೋಗ ಮಾಡಿ ಮರೆ ಕೆಡಿಸಿದ ಸೈಕಲ್ಲುಗಳು ಲೆಕ್ಕವಿಲ್ಲ.

ಈಗ ಕ್ರಮದ ಮಾತಿಗೆ ಬರುತ್ತೇನೆ. ನನ್ನ ಜಗಳದ ತಿರುಳೂ ಅದೇ. ಸೈಕಲ್ಲನ್ನು ಕೊಳ್ಳುವಾಗಲೇ, ಅಥವಾ ಮನೆಯದಾದರೆ ಕೈಹಚ್ಚುವ ಮೊದಲೇ, ಫ್ರೇಮನ್ನು ಪರೀಕ್ಷಿಸಬೇಕು. ಹ್ಯಾಂಡಲಿನ ಕೆಳಗೆ ಮೂರು ಕೊಳವೆಗಳು ಕೂಡುವಲ್ಲಿ ಬೆರಳಾಡಿಸಿ ನೋಡಿರಿ. ಅಲ್ಲಿ ಕೊಳವೆಯ ಕೆಳಮೈ ಸುಕ್ಕುಗಟ್ಟಿದ್ದರೆ, ಬಣ್ಣ ಸಾಲುಸಾಲಾಗಿ ಒಡೆದಿದ್ದರೆ, ಎಂದೋ ಒಂದು ದಿನ ಅದು ಎದುರಿನಿಂದ ಏನಕ್ಕೋ ಗುದ್ದಿದೆ ಎಂದು ಅರ್ಥ. ನೋಡಿರಿ, ಹಳೆಯ ಬಣ್ಣ ಇಲ್ಲಿ ಸಾಕ್ಷಿ ಹೇಳುತ್ತದೆ! ಮೊದಲೇ ಅದನ್ನು ಕೆರೆದು ಹೊಸದನ್ನು ಬಳಿದವನು ಸಾಕ್ಷಿಯನ್ನೇ ಅಳಿಸಿಬಿಟ್ಟಂತಾಯಿತು. ಆಮೇಲೆ ಒಂದು ಮಾರು ದಾರ ಸಾಕು. ಹಿಂದಿನ ಚಕ್ರವನ್ನು ತೆಗೆದು, ಅಚ್ಚು ಕೂರುವ ಒಂದು ಬದಿಯ ಕಚ್ಚಿಗೆ ದಾರ ಕಟ್ಟಿ, ಮುಂದಕ್ಕೆ ಎಳೆದು, ಹ್ಯಾಂಡಲಿನ ಕೆಳಗಿನ ಕೊಳವೆಯನ್ನು ಬಳಸಿ, ಇನ್ನೊಂದು ಬದಿಯ ಕಚ್ಚಿಗೆ ತಂದು ಬಿಗಿಯಾಗಿ ಕಟ್ಟಬೇಕು. ಸೀಟಿನ ಕೆಳಗಿನ ಕೊಳವೆಯಿಂದ ಎಡಬಲದ ದಾರಗಳಿಗಿರುವ ದೂರವನ್ನು ಅಳೆಯಬೇಕು. ಎರಡೂ ಸಮವಾಗಿದ್ದರೆ ಫ್ರೇಮು ನೆಟ್ಟಗಿದೆ. ಎರಡು ಮಿಲಿಮೀಟರು ಆಚೀಚೆಯಾದರೆ ಚಿಂತೆಯಿಲ್ಲ. ಅರ್ಧ ಇಂಚಾದರೆ ಆ ಫ್ರೇಮಿನ ಮೇಲೆ ಬಣ್ಣದ ಒಂದು ಹನಿಯನ್ನೂ ಖರ್ಚುಮಾಡಬೇಡಿ. ಆ ಒಂದು ಸಂದರ್ಭದಲ್ಲಿ ಭಂಗಾರವಾಲನೇ ಸರಿ.

ಫ್ರೇಮು ಪಾಸಾಯಿತೆನ್ನಿ. ಮುಂದಿನದು ಗುಂಡುಗಳ ಕೆಲಸ. ಹಬ್ಬನ್ನು ಹಳೆಯ ಬಿಳಿಯ ಪಂಚೆಯ ಮೇಲಿಟ್ಟು ಬಿಚ್ಚಬೇಕು, ಇಲ್ಲದಿದ್ದರೆ ಗುಂಡುಗಳು ಮಂಚದ ಕೆಳಗೆ ಉರುಳಿ ಇರುವೆಗಳ ಪಾಲಾಗುತ್ತವೆ. ಸಾಮಾನ್ಯವಾಗಿ ಮುಂದಿನ ಹಬ್ಬಿನಲ್ಲಿ ಬದಿಗೆ ಹತ್ತು ಚಿಕ್ಕ ಗುಂಡುಗಳು, ಹಿಂದಿನದರಲ್ಲಿ ಬದಿಗೆ ಒಂಬತ್ತು ಕಾಲಿಂಚಿನ ಗುಂಡುಗಳು ಇರುತ್ತವೆ. ಬಿಚ್ಚುವಾಗಲೇ ಎಣಿಸಿ ಬರೆದಿಟ್ಟುಕೊಂಡರೆ ವಾದವೇ ಇಲ್ಲ. ಹಳೆಯ ಗ್ರೀಸು ಬೆಲ್ಲದ ಪಾಕದಂತೆ ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆ ಈಗ ನಗರದಲ್ಲಿ ಸುಲಭವಾಗಿ ಸಿಗದು. ಅಂಗಡಿಯವರಂತೆ ಡೀಸೆಲ್ಲಿನಲ್ಲಿ ತೊಳೆಯಬಹುದು, ಆದರೆ ಅಡಿಗೆಮನೆಯ ಹತ್ತಿರ ಬೇಡ. ಕೋನಿನ ಮೈಮೇಲೆ ಸಣ್ಣ ಗುಳಿಗಳೆದ್ದಿದ್ದರೆ ಹೊಸದು ಹಾಕಿರಿ. ಗುಂಡುಗಳನ್ನಂತೂ ಹೊಸದೇ ಹಾಕಿರಿ, ಅವುಗಳ ಬೆಲೆ ಎಷ್ಟು ಮಹಾ! ಚೈನನ್ನು ಅಳೆಯಲು ಒಂದು ಅಡಿಪಟ್ಟಿ ಸಾಕು. ಚೈನಿನ ಪಿನ್ನುಗಳು ಅರ್ಧ ಇಂಚಿಗೊಂದರಂತೆ ಇರುವುದರಿಂದ ಒಂದು ಪಿನ್ನಿನಿಂದ ಎಣಿಸಿ ಇಪ್ಪತ್ತನಾಲ್ಕನೆಯದು ಸರಿಯಾಗಿ 12 ಇಂಚಿಗೆ ಬೀಳಬೇಕು. ಅದು ಒಂದು ದಾರದೆಳೆಯಷ್ಟು, ಎಂದರೆ ಇಂಚಿನ ಎಂಟನೆಯ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ಚೈನು ಸವೆದಿದೆ.

ಎಲ್ಲವನ್ನೂ ತಾನೇ ಮಾಡಬೇಕೆಂಬ ಹಟವೂ ಬೇಡ. ಚಕ್ರದ ಔಟು ತೆಗೆಯುವುದು, ಜಾಮಾದ ಕಾಟರ್ ಪಿನ್ನನ್ನು ಬಿಡಿಸುವುದು ಇವೆರಡನ್ನು ಮೊದಲ ಸಲ ಓಣಿಯ ತುದಿಯ ಸೈಕಲ್ ಮಿಸ್ತ್ರಿಗೇ ಒಪ್ಪಿಸಿರಿ; ಪಕ್ಕದಲ್ಲಿ ನಿಂತು ನೋಡಿರಿ. ನಲವತ್ತು ವರ್ಷಗಳಿಂದ ಅದೇ ಕಲ್ಲಿನ ಮೇಲೆ ಕುಳಿತಿರುವ ಆತ ಕಡ್ಡಿಯನ್ನು ಬೆರಳಿನಿಂದ ಮೀಟಿ, ಸದ್ದು ಕೇಳಿಯೇ ಯಾವುದು ಸಡಿಲವೆಂದು ಹೇಳುತ್ತಾನೆ. ಆತನಿಗೆ ಕೊಡುವ ಕೂಲಿಯಲ್ಲಿ ಮಾತ್ರ ಚೌಕಾಶಿ ಮಾಡಬೇಡಿರಿ. ಆತನ ಮಗ ಈ ಕೆಲಸಕ್ಕೆ ಬಂದಿಲ್ಲ, ಬರುವುದೂ ಇಲ್ಲ.

ಬ್ರೇಕಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕಾಗಿದೆ. ಈ ಸೈಕಲ್ಲುಗಳ ಕಂಬಿ ಬ್ರೇಕು ರಬ್ಬರನ್ನು ಮೇಲಕ್ಕೆಳೆದು ರಿಮ್ಮಿನ ಒಳಮೈಗೆ ಒತ್ತುತ್ತದೆ. ಬಿಸಿಲಿನಲ್ಲಿ ಪರವಾಗಿಲ್ಲ. ಮಳೆಯಲ್ಲಿ ಕ್ರೋಮಿನ ನುಣುಪು ರಿಮ್ಮು ನೆನೆದರೆ ಹಿಡಿಯುವುದು ಕಷ್ಟ. ಒಣಗಿದ್ದಾಗ ನಿಲ್ಲುವ ದೂರದಲ್ಲಿ ಅದು ನಿಲ್ಲುವುದೇ ಇಲ್ಲ. ನಮ್ಮ ಈ ನಗರಗಳಲ್ಲಿ ನಾಲ್ಕು ತಿಂಗಳು ಮಳೆ. ಹಾಗಿರುವಾಗ ಒಣಗಿ ಕಲ್ಲಾದ ಹಳೆಯ ರಬ್ಬರನ್ನು ಹಾಗೆಯೇ ಬಿಟ್ಟು, ರಿಮ್ಮಿಗೂ ಸೇರಿಸಿ ಬೆಳ್ಳಿಬಣ್ಣ ಬಳಿದು, ‘ನೋಡಿರಿ ಅಂಕಲ್, ಹೊಸದರ ಹಾಗೆ ಕಾಣುತ್ತದೆ’ ಎಂದು ತೋರಿಸುವ ಹುಡುಗರಿಗೆ ಏನೆನ್ನೋಣ? ರಬ್ಬರು ಹಿಡಿಯಬೇಕಾದ ಮೈಮೇಲೆ ಬಣ್ಣವೇ? ಅದು ಮೊದಲ ವಾರದಲ್ಲೇ ಸುಲಿದು ರಬ್ಬರಿಗೆ ಮೆತ್ತಿಕೊಳ್ಳುತ್ತದೆ. ರಿಮ್ಮಿನ ತುಕ್ಕಿಗೆ ಬಣ್ಣವಲ್ಲ, ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆಯ ಉಂಡೆ ಮದ್ದು. ನೀರಿನಲ್ಲಿ ಅದ್ದಿ ತಿಕ್ಕಿದರೆ ಮೇಲುಮೇಲಿನ ತುಕ್ಕು ಬಿಡುತ್ತದೆ, ಕ್ರೋಮಿಗೆ ಗೀರು ಬೀಳುವುದಿಲ್ಲ.

ಇಷ್ಟೆಲ್ಲ ಮುಗಿದ ಮೇಲೆ ಬಣ್ಣ. ಆಗಲೂ ನನ್ನ ಮೊದಲ ಸಲಹೆ, ಆದಷ್ಟು ಬಳಿಯಬೇಡಿ ಎಂಬುದೇ. ಕಾರ್ಖಾನೆಯ ಬಣ್ಣವನ್ನು ಭಟ್ಟಿಯಲ್ಲಿ ಬೇಯಿಸಿ ಕೂರಿಸಿರುತ್ತಾರೆ. ಗಚ್ಚಿಯ ಮೇಲೆ ಬ್ರಷ್ಷಿನಿಂದ ಬಳಿದದ್ದು ಅದರ ಗಟ್ಟಿತನಕ್ಕೆ ಸಮನಾಗದು. ಚೆಂಡುಹೂವಿನ ಬಣ್ಣದ ಗೆರೆಗಳು, ಫ್ರೇಮಿನ ಮೇಲಿನ ಕಂಪನಿಯ ಹೆಸರು, ಮುಂದುಗಡೆಯ ಹಿತ್ತಾಳೆಯ ಬಿಲ್ಲೆ ಇವೆಲ್ಲ ಒಮ್ಮೆ ಹೋದರೆ ಹೋದವೇ. ಅಲ್ಲಲ್ಲಿ ಕಿತ್ತಿದ್ದರೆ ಅಲ್ಲಲ್ಲೇ ಉಜ್ಜಿ, ಅಷ್ಟಕ್ಕೇ ಪ್ರೈಮರು ಕೊಟ್ಟು, ಕರಿಯ ಎನಾಮೆಲಿನಿಂದ ತೇಪೆ ಹಾಕಿ, ಮೇಣ ತಿಕ್ಕಿದರೆ ಸಾಕು. ಕರಿಯ ಬಣ್ಣಕ್ಕೆ ತೇಪೆ ಹೊಂದಿದಷ್ಟು ಬೇರೆ ಯಾವ ಬಣ್ಣಕ್ಕೂ ಹೊಂದದು.

ಅರ್ಧಕ್ಕರ್ಧ ತುಕ್ಕೇ ಆಗಿದ್ದರೆ ಬೇರೆ ದಾರಿಯಿಲ್ಲ, ಪೂರ್ತಿ ಕೆರೆಯಬೇಕು. ಇಲ್ಲಿ ಒಂದು ಎಚ್ಚರಿಕೆಯನ್ನು ತಾಯಂದಿರು ದಯವಿಟ್ಟು ಗಮನಿಸಬೇಕು. ಹಳೆಯ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚಿರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದೇ 2016ರಲ್ಲಿ. ಆದುದರಿಂದ ಹಳೆಯ ಸೈಕಲ್ಲನ್ನು ಒಣ ಕಾಗದದಿಂದ ಉಜ್ಜಿ ಧೂಳೆಬ್ಬಿಸಲೇಕೂಡದು. ನೀರು ಹಾಕಿಯೇ ಉಜ್ಜಬೇಕು, ಮೂಗಿಗೆ ಮುಖಗವಸು ಇರಬೇಕು, ತೊಟ್ಟಿಕ್ಕಿದ ರಾಡಿಯನ್ನು ಹಳೆಯ ಪತ್ರಿಕೆಯಲ್ಲಿ ಕೂಡಿಸಿ ಕಟ್ಟಿಹಾಕಬೇಕು, ಚಿಕ್ಕ ಮಕ್ಕಳು ಹತ್ತಿರ ಸುಳಿಯಬಾರದು. ಗ್ಯಾಲರಿಯಲ್ಲಿ ತುಳಸಿಯ ಪಕ್ಕಕ್ಕೆ ಕುಳಿತು ಮಾಡುವ ಕೆಲಸವಲ್ಲ ಇದು.

ಕಬ್ಬಿಣ ಬೆತ್ತಲಾದೊಡನೆ ಟರ್ಪೆಂಟೈನಿನಿಂದ ಒರೆಸಿ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರು ಹಚ್ಚಬೇಕು. ರಾತ್ರಿ ಹಾಗೆಯೇ ಬಿಟ್ಟರೆ ಬೆಳಿಗ್ಗೆ ಕೆಂಪಗಾಗಿರುತ್ತದೆ. ಒಣಗಿದ ಮೇಲೆ 400 ನಂಬರಿನ ನೀರುಕಾಗದದಿಂದ ಹಗುರಾಗಿ ತಿಕ್ಕಿ, ಎನಾಮೆಲನ್ನು ತೆಳ್ಳಗೆ ಮೂರು ಸಲ, ಒಂದೊಂದರ ನಡುವೆ ಒಂದು ಹಗಲು ಒಂದು ರಾತ್ರಿ ಬಿಟ್ಟು ಹಚ್ಚಬೇಕು. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಕಣ್ಣೀರಿನಂತೆ ಇಳಿಯುತ್ತದೆ. ಮಿರಗದ ಮಳೆ ಶುರುವಾದ ಮೇಲೆ ಈ ಕೆಲಸಕ್ಕೆ ಕೈಹಾಕಬಾರದು. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲವೇ ಪ್ರಶಸ್ತ. ಮುಟ್ಟಿದರೆ ಅಂಟದಿದ್ದರೆ ಒಣಗಿತೆಂದಲ್ಲ. ಒಳಗೆ ಗಟ್ಟಿಯಾಗಲು ಎರಡು ವಾರವಾದರೂ ಬೇಕು, ಅಲ್ಲಿಯವರೆಗೆ ನಟ್ಟು ಬಿಗಿಯುವಂತಿಲ್ಲ. ಆಯುಧಪೂಜೆಗೆ ಸೈಕಲ್ಲು ಹೊಳೆಯಬೇಕೆಂದು ಮಹಾನವಮಿಯ ಹಿಂದಿನ ರಾತ್ರಿ ಬಳಿದು, ಬೆಳಿಗ್ಗೆ ಚೆಂಡುಹೂವಿನ ಹಾರ ಹಾಕಿ, ಸಂಜೆ ಹಾರ ತೆಗೆಯುವಾಗ ಬಣ್ಣವನ್ನೂ ಜೊತೆಯಲ್ಲಿ ತೆಗೆದವರನ್ನು ನಾನು ಬಲ್ಲೆ. ಪೌಡರ್ ಕೋಟಿಂಗ್ ಮಾಡಿಸುವ ಅನುಕೂಲವಿದ್ದವರು ಮಾಡಿಸಲಿ, ಅದು ಗಟ್ಟಿ. ಆದರೆ ಮರೆಗಳನ್ನೂ ಕಪ್ಪು ಕೂರುವ ಜಾಗಗಳನ್ನೂ ಮುಚ್ಚಿಕೊಡಬೇಕೆಂದು ಹೇಳದಿದ್ದರೆ, ಬಂದಮೇಲೆ ಒಂದು ನಟ್ಟೂ ಒಳಗೆ ಹೋಗುವುದಿಲ್ಲ.

ಇಷ್ಟೆಲ್ಲ ಶ್ರಮಪಟ್ಟ ಸೈಕಲ್ಲು ಏನಾಗಬೇಕು? ಇಲ್ಲಿಯೇ ನಮ್ಮ ಸಂಘದ ಸದಸ್ಯರೊಡನೆ ನನ್ನ ನಿಜವಾದ ಜಗಳ. ಮನೆಯಲ್ಲಿ ಓಡಿಸುವವರಿದ್ದರೆ ಓಡಿಸಲಿ, ಅದಕ್ಕಿಂತ ಸಂತೋಷ ಬೇರೆಯಿಲ್ಲ. ಇಲ್ಲದಿದ್ದರೆ? ಪುಣೆಯ ಸುತ್ತ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳಿವೆ. ಅಲ್ಲಿ ಕಿವಿಗೊಟ್ಟರೆ ಕಲಬುರಗಿಯ, ಯಾದಗಿರಿಯ, ವಿಜಯಪುರದ ಕನ್ನಡ ಕೇಳುತ್ತದೆ. ರಾಜ್ಯೋತ್ಸವದ ದಿನ ನಾವು ವೇದಿಕೆಯ ಮೇಲೆ ನಿಂತು ‘ಹೊರನಾಡ ಕನ್ನಡಿಗರು’ ಎನ್ನುವಾಗ ಇವರು ಆ ಮಾತಿನಲ್ಲಿ ಸೇರುತ್ತಾರೋ ಇಲ್ಲವೋ? ಬೆಳಿಗ್ಗೆ ಕೂಲಿಯ ನಾಕಾಕ್ಕೆ ನಡೆದು, ಅಲ್ಲಿಂದ ಕೆಲಸ ಸಿಕ್ಕಲ್ಲಿಗೆ ನಡೆದು, ಕತ್ತಲಾದ ಮೇಲೆ ನಡೆದೇ ವಾಪಸ್ಸಾಗುವ ಗೌಂಡಿಗೆ, ಶಾಲೆ ದೂರವೆಂದು ಬಿಟ್ಟುಬಿಡುವ ಆತನ ಮಗಳಿಗೆ ನಿಮ್ಮ ಜಿನೆಯ ಕೆಳಗಿನ ಸೈಕಲ್ಲು ಏನೆಂಬುದನ್ನು ಯೋಚಿಸಿದ್ದೀರಾ? ಹೊಟೇಲಿನ ಗೋಡೆಗೆ ಅಂದ ಬೇಕಾದರೆ ಚಿತ್ರ ತೂಗುಹಾಕಲಿ. ಓಡಬಲ್ಲ ಸೈಕಲ್ಲಿನ ಮೇಲೆ ಮೊದಲ ಹಕ್ಕು ನಡೆಯುತ್ತಿರುವವನದು.

ಹಾಗೆಂದು ತುಕ್ಕು ಹಿಡಿದದ್ದನ್ನು ಹಾಗೆಯೇ ಅವರ ಶೆಡ್ಡಿನ ಮುಂದೆ ಬಿಟ್ಟುಬಂದು ದಾನವೆಂದು ಕರೆಯುವುದಲ್ಲ. ಅದನ್ನು ರಿಪೇರಿ ಮಾಡಿಸುವ ಖರ್ಚನ್ನು ಆ ಬಡವನ ತಲೆಗೆ ಕಟ್ಟಿದಂತಾಗುತ್ತದೆ. ಸಂಘದ ಹಿತ್ತಲಿನಲ್ಲಿ ತಿಂಗಳಿಗೆ ಎರಡು ಭಾನುವಾರ ನಮ್ಮ ಹುಡುಗರು ಹುಡುಗಿಯರು ಕೂಡಲಿ. ಒಬ್ಬ ಮಿಸ್ತ್ರಿಯನ್ನು ಕೂಲಿ ಕೊಟ್ಟು ಕರೆಸೋಣ. ಉಪಕರಣದ ಪೆಟ್ಟಿಗೆಯ ಖರ್ಚು ವಾರ್ಷಿಕೋತ್ಸವದ ಶಾಲು-ಹಾರಗಳ ಖರ್ಚಿಗಿಂತ ಹೆಚ್ಚಾಗದೆಂದು ಖಜಾಂಚಿಯವರಿಗೆ ವಿನಯದಿಂದ ತಿಳಿಸುತ್ತೇನೆ. ಕೊಡುವ ಮೊದಲು ರಿಮ್ಮಿನ ಮೇಲೆ ಒಂದು ಚೊಂಬು ನೀರು ಸುರಿದು ಬ್ರೇಕು ಹಿಡಿದು ನೋಡಬೇಕು. ಬೆಲ್ಲು, ಹಿಂದುಗಡೆಯ ಕೆಂಪು ಗಾಜು, ಒಂದು ದೀಪ ಇರಬೇಕು.

ಇನ್ನೊಂದು ಕಾಗದದ ಕೆಲಸವಿದೆ. ಒಳ್ಳೆಯ ಸೈಕಲ್ಲಿನ ಮೇಲೆ ಹೋಗುವ ಕೂಲಿಯವನನ್ನು ‘ಇದು ಎಲ್ಲಿಂದ ಬಂತು?’ ಎಂದು ಕೇಳುವವರು ಈ ಊರಿನಲ್ಲಿ ಬಹಳ. ಹೊಡೆದ ಮೇಲೆ ಕೇಳುವವರೂ ಇದ್ದಾರೆ. ಆದುದರಿಂದ ಮಾಲಿಕರು ತಾವು ಕೊಟ್ಟದ್ದೆಂದು ಬರೆದು ಸಹಿ ಮಾಡಬೇಕು. ಸಂಘದ ಕಾಗದದ ಮೇಲೆ, ಮರಾಠಿಯಲ್ಲಿಯೂ ಕನ್ನಡದಲ್ಲಿಯೂ, ಪಡೆದವನ ಹೆಸರು ಮತ್ತು ಫ್ರೇಮಿನ ನಂಬರು ಸಹಿತ ಒಂದು ಪತ್ರ ಅವನ ಕೈಯಲ್ಲಿರಬೇಕು. ಆ ನಂಬರು ಸೀಟಿನ ಕೆಳಗೋ ಪೆಡಲುಗಳ ನಡುವಿನ ಗುಂಬದ ಅಡಿಯಲ್ಲೋ ಕೆತ್ತಿರುತ್ತದೆ. ಬಣ್ಣ ಬಳಿಯುವವರು ಅಲ್ಲಿ ಪುಟ್ಟಿ ತುಂಬದೆ, ತೆಳ್ಳಗೆ ಒಂದೇ ಕೈ ಹಚ್ಚಿ, ಅಕ್ಷರಗಳು ಓದುವಂತಿವೆಯೇ ಎಂದು ನೋಡಿ ಬಿಡಬೇಕು.